ಊರಿನ ಕೆಮಿಸ್ಟ್ರಿ, ಭಾಗ 4: ಒಂದು ಲೋಟ ಬೋರ್ ನೀರು

ಮೊದಲ ಫೋಟೋ ನೋಡಿ. ಸಿರಿಗೆರೆ ಕಡೆಯ ಬೋರ್ ನೀರು. ಎಷ್ಟು ತಿಳಿಯಾಗಿದೆ ಅಲ್ವಾ? ಚಿಕ್ಕಂದಿನಿಂದ ಕುಡಿದ ಇಂಥ ತಿಳಿನೀರೇ ನನ್ನ ಹಲ್ಲಿಗೆ ಕಂದು ಗೆರೆ ಹಾಕಿದ್ದು.

ಗ್ರೂಪ್ ಫೋಟೋದಲ್ಲಿ ಯಾಕೆ ಬಾಯಿ ಮುಚ್ಕೊಂಡು ನಗ್ತೀಯ ಅಂತ ಕೇಳ್ತಿದ್ರಲ್ಲ, ಇದಕ್ಕೇ. "ಬ್ರಶ್ ಮಾಡಲ್ವಾ?" ಅಂತಾನೂ ಕೇಳಿದೀರಿ. ಮಾಡ್ತೀನಿ, ದಿನಕ್ಕೆರಡು ಸಲ. ಬ್ರಶ್‌ಗೆ ಹೋಗೋ ಕಲೆ ಅಲ್ಲ ಇದು.

ಒಂಬತ್ತನೇ ಕ್ಲಾಸಲ್ಲಿ ಧಾತು, ಸಂಯುಕ್ತ, ಮಿಶ್ರಣ ಅಂತ ಉರು ಹೊಡೆದ್ವಲ್ಲ, ಈ ಕಲೆ ಅರ್ಥ ಆಗೋಕೆ ಆ ಮೂರೂ ಬೇಕು.

👉 ಧಾತು: ಫ್ಲೋರಿನ್. ತಿಳಿ ಹಳದಿ ಗ್ಯಾಸ್, ಮಹಾ ಜಗಳಗಂಟ. ಹೆಚ್ಚುಕಮ್ಮಿ ಸಿಕ್ಕಿದ್ದರ ಜೊತೆಗೆಲ್ಲ ವರ್ತಿಸುತ್ತೆ. 1886ರಲ್ಲಿ ಹೆನ್ರಿ ಮೊಯ್ಸಾನ್ ಇದನ್ನ ಒಂಟಿಯಾಗಿ ಹಿಡಿದರು, 1906ರಲ್ಲಿ ನೊಬೆಲ್ ಬಂತು. ಭಯ ಬೇಡ, ಈ ಗ್ಯಾಸ್ ನಮ್ಮ ಲೋಟದಲ್ಲಿಲ್ಲ.

👉 ಸಂಯುಕ್ತ: ಅದೇ ಫ್ಲೋರಿನ್ ಕ್ಯಾಲ್ಸಿಯಂ ಜೊತೆ ಕೂಡಿದ್ರೆ ಕ್ಯಾಲ್ಸಿಯಂ ಫ್ಲೋರೈಡ್. ಜಗಳವೆಲ್ಲ ಮುಗಿದು ಸುಮ್ಮನೆ ಕೂತ ಕಲ್ಲು. ಒಂದು ಕ್ಯಾಲ್ಸಿಯಂಗೆ ಎರಡು ಫ್ಲೋರಿನ್, ಲೆಕ್ಕ ಎಂದೂ ತಪ್ಪಲ್ಲ. ಫ್ಲೋರೈಡ್ ಇರೋ ಇಂಥ ಖನಿಜಗಳು ನೆಲದಡಿಯ ಬಂಡೆಗಳಲ್ಲಿವೆ.

👉 ಮಿಶ್ರಣ: ಆಳದ ನೀರು ಬಂಡೆ ಸಂದಿಯಲ್ಲಿ ವರ್ಷಗಟ್ಟಲೆ ನಿಂತು ಆ ಫ್ಲೋರೈಡನ್ನ ಚೂರುಚೂರೇ ಕರಗಿಸ್ಕೊಳ್ಳುತ್ತೆ. ಅಂದ್ರೆ ನೀರು ಸಂಯುಕ್ತ, ಆದ್ರೆ ಲೋಟದಲ್ಲಿರೋದು ಮಿಶ್ರಣ. ಮಿಶ್ರಣಕ್ಕೆ ಫಿಕ್ಸ್ ಲೆಕ್ಕ ಇಲ್ಲ. ನಿಮ್ಮನೆ ಬೋರಲ್ಲಿ ಒಂದಿದ್ರೆ ಪಕ್ಕದ ಬೋರಲ್ಲಿ ಇನ್ನೊಂದು. ಕುಡಿಯೋ ನೀರಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಸಿಗದಿದ್ರೆ 1.5ರವರೆಗೆ. ನಮ್ಮ ಚಿತ್ರದುರ್ಗ ಜಿಲ್ಲೆಯ ಎಷ್ಟೋ ಬೋರ್‌ಗಳು ಇದನ್ನ ದಾಟಿವೆ.

ಒಸಡಿನೊಳಗೆ ಹಲ್ಲು ರೂಪುಗೊಳ್ಳೋ ವಯಸ್ಸಲ್ಲಿ, ಅಂದ್ರೆ ಸುಮಾರು ಎಂಟು ವರ್ಷದೊಳಗೆ, ಇದು ಜಾಸ್ತಿ ಹೊಟ್ಟೆಗೆ ಹೋದ್ರೆ ಹಲ್ಲಿನ ಎನಾಮಲ್ ಕೆಡುತ್ತೆ. ತುಂಬಾ ವರ್ಷ ತುಂಬಾ ಜಾಸ್ತಿ ಹೋದ್ರೆ ಮೂಳೆ, ಕೀಲಿಗೂ ತೊಂದರೆ.

ನಮ್ಮಜ್ಜಿ ನೀರನ್ನ ಬಟ್ಟೆಯಲ್ಲಿ ಸೋಸಿ, ಚೆನ್ನಾಗಿ ಕುದಿಸಿಯೇ ನಂಗೆ ಕೊಡ್ತಿದ್ಲು. ಖಾರ ಮಂಡಕ್ಕಿಯಿಂದ ಕಡ್ಲೆಬೀಜ ಆರಿಸ್ಕೋಬಹುದು, ಅದೂ ಮಿಶ್ರಣವೇ. ಆದ್ರೆ ಕರಗಿದ್ದು ಬಟ್ಟೆಯಲ್ಲಿ ನಿಲ್ಲಲ್ಲ. ಕುದಿಸಿದ್ರೆ ರೋಗಾಣು ಸಾಯುತ್ತೆ, ಸರಿ. ಆದ್ರೆ ನೀರು ಆವಿಯಾಗಿ ಹೋಗುತ್ತೆ, ಫ್ಲೋರೈಡ್ ಪಾತ್ರೆಯಲ್ಲೇ ಉಳಿಯುತ್ತೆ. ಪ್ರತಿ ಲೋಟಕ್ಕೆ ಇನ್ನೂ ಸ್ವಲ್ಪ ಜಾಸ್ತಿಯೇ ಆಗುತ್ತೆ! ಅಜ್ಜಿ ಪ್ರೀತಿಯಲ್ಲಿ ಕೊರತೆ ಇರಲಿಲ್ಲ. ಆ ವಿಧಾನ ಈ ಮಿಶ್ರಣಕ್ಕೆ ಆಗ್ತಿರಲಿಲ್ಲ, ಅಷ್ಟೇ.

ಆಗೋದು ಯಾವುದು? ಆರ್‌ಒ ಪೊರೆ ಫ್ಲೋರೈಡನ್ನ ಬಹುಪಾಲು ತಡೆಯುತ್ತೆ. ಸ್ವಚ್ಛವಾಗಿ ಹಿಡಿದ ಮಳೆನೀರಲ್ಲಿ ಅದು ಇಲ್ಲವೇ ಇಲ್ಲ ಅನ್ನುವಷ್ಟು ಕಮ್ಮಿ. ಹೊಳೆ ನೀರಲ್ಲೂ ಸಾಮಾನ್ಯವಾಗಿ ಕಮ್ಮಿ. 2021ರಲ್ಲಿ ತುಂಗಭದ್ರೆ ನೀರು ಭರಮಸಾಗರ ಕೆರೆಗೆ ಬಂದಾಗ ನಾವೆಲ್ಲ ಕುಣಿದಿದ್ದು ಬರೀ ಬೆಳೆಗಲ್ಲ ಅಂತ ನಂಗೆ ಈಗ ಅನ್ಸುತ್ತೆ.

ಇನ್ನೊಂದು ಮಾತು. ಟಿಡಿಎಸ್ ಮೀಟರ್ ನಂಬಿ ಕೂರಬೇಡಿ. ಅದು ಕರಗಿದ್ದೆಲ್ಲದರ ಒಟ್ಟು ಅಂದಾಜು ಹೇಳುತ್ತೆ, ಫ್ಲೋರೈಡ್ ಎಷ್ಟು ಅಂತ ಹೇಳಲ್ಲ. ಅದಕ್ಕೆ ಬೇರೆ ಟೆಸ್ಟೇ ಬೇಕು.

ನನ್ನ ಹಲ್ಲಿನ ಕಥೆ ಮುಗೀತು. ನಿಮ್ಮನೇಲಿ ಎಂಟು ವರ್ಷದೊಳಗಿನ ತಮ್ಮನೋ ತಂಗಿಯೋ ಇದ್ರೆ ಅವರದ್ದು ಇನ್ನೂ ಮುಗಿದಿಲ್ಲ. ಕುಡಿಯೋಕಷ್ಟೇ ಅಲ್ಲ, ಅಡುಗೆಗೂ ಒಳ್ಳೆ ನೀರೇ ಬಳಸಿ ಅಂತ ಇವತ್ತೇ ಮನೇಲಿ ಹೇಳಿ.

ಕೊನೇ ಫೋಟೋ ನನ್ನದೇ. ಈ ಸಲ ಕೈ ಅಡ್ಡ ಇಟ್ಟಿಲ್ಲ. 🙂

#ಊರಿನಕೆಮಿಸ್ಟ್ರಿ #ಸಿರಿಗೆರೆ #ಚಿತ್ರದುರ್ಗ