ಲೆಟಿಸ್ ಬೀದಿಯ ಗಾಜಿನ ಮನೆ

ಲಂಡನ್ ನಗರಕ್ಕೆ ಹೋದ ಪ್ರವಾಸಿಗಳು ಸಂತ ಪಾಲರ ಇಗರ್ಜಿಯನ್ನು ಕಾಣದೆ ಹಿಂದಿರುಗುವುದು ಅಪರೂಪ. ಆದರೆ ನಗರದ ನೈಋತ್ಯಕ್ಕೆ, ಥೇಮ್ಸ್ ನದಿಯ ಉತ್ತರ ದಂಡೆಯಲ್ಲಿರುವ ಫುಲ್ಹಮ್ ಬಡಾವಣೆಯ ಲೆಟಿಸ್ ಬೀದಿಯನ್ನು ಹುಡುಕಿಕೊಂಡು ಹೋಗುವವರು ವಿರಳ. ಆ ಕಿರುಬೀದಿಯಲ್ಲಿ 1906ರಲ್ಲಿ ನಿರ್ಮಿತವಾದ ಒಂದು ಕಟ್ಟಡವಿದೆ. ಅದರ ಹೆಸರು ‘ಗ್ಲಾಸ್ ಹೌಸ್’, ಎಂದರೆ ಗಾಜಿನ ಮನೆ. ಹೆಸರು ಕೇಳಿ ಗಾಜಿನ ಗೋಡೆಗಳನ್ನು ನಿರೀಕ್ಷಿಸಬಾರದು. ಇಗರ್ಜಿಗಳ ಕಿಟಕಿಗಳಿಗೆ ಬಣ್ಣಗಾಜಿನ ಚಿತ್ರಗಳನ್ನು ರಚಿಸಲೆಂದೇ ಕಟ್ಟಿಸಿದ ಕಾರ್ಯಾಗಾರವದು. ಅದರ ಹಿಂದೆ ಮೇರಿ ಲೌಂಡ್ಸ್ ಎಂಬ ಮಹಿಳೆಯ ಛಲವಿದೆ.

1857ರಲ್ಲಿ ಜನಿಸಿದ ಮೇರಿ ಪಾದ್ರಿಯೊಬ್ಬರ ಮಗಳು. ಲಂಡನ್ನಿನ ಸ್ಲೇಡ್ ಕಲಾಶಾಲೆಯಲ್ಲಿ ಚಿತ್ರಕಲೆಯನ್ನು ಅಭ್ಯಸಿಸಿ, ಹೆನ್ರಿ ಹಾಲಿಡೇ ಎಂಬ ಪ್ರಸಿದ್ಧ ಕಲಾವಿದನ ಸಹಾಯಕಿಯಾದಳು. ಕಿಟಕಿಯಷ್ಟೇ ದೊಡ್ಡ ಕಾಗದದ ಮೇಲೆ ನಕ್ಷೆ ಬರೆಯುವುದು ಆಕೆಯ ಕೆಲಸ. ಆ ಕಾಲದ ದೊಡ್ಡ ಸಂಸ್ಥೆಗಳಲ್ಲಿ ಚಿತ್ರಕಾರನ ಕೆಲಸ ಸಾಮಾನ್ಯವಾಗಿ ಅಲ್ಲಿಗೇ ಮುಗಿಯುತ್ತಿತ್ತು. ಗಾಜನ್ನು ಆರಿಸುವವನೊಬ್ಬ, ಕತ್ತರಿಸುವವನೊಬ್ಬ, ಸೀಸದ ಪಟ್ಟಿಗಳಿಂದ ಜೋಡಿಸುವವನು ಇನ್ನೊಬ್ಬ. ಮೇರಿಗೆ ಇಷ್ಟು ಸಾಲಲಿಲ್ಲ. ಕಾಗದದ ಬಣ್ಣ ಬೆಳಕನ್ನು ಹಿಂದಿರುಗಿಸುತ್ತದೆ. ಗಾಜಿನ ಬಣ್ಣವಾದರೋ ಬೆಳಕನ್ನು ಒಳಗೆ ಬಿಟ್ಟುಕೊಂಡೇ ಜೀವ ತಳೆಯುತ್ತದೆ. ಗಾಜನ್ನು ತನ್ನ ಕೈಯಿಂದಲೇ ಮುಟ್ಟದವರಿಗೆ ಆ ಮರ್ಮ ತಿಳಿಯುವುದೆಂತು? ಆಕೆ ಕಸುಬನ್ನು ತಾನಾಗಿ ಕಲಿಯತೊಡಗಿದಳು.

1889ರ ಸುಮಾರಿಗೆ ಬ್ರಿಟ್ಟನ್ ಅಂಡ್ ಗಿಲ್ಸನ್ ಎಂಬ ಸಂಸ್ಥೆಯಲ್ಲಿ ಹೊಸಬಗೆಯ ಗಾಜು ಸಿದ್ಧವಾಯಿತು. ಕರಗಿದ ಗಾಜನ್ನು ಪೆಟ್ಟಿಗೆಯಾಕಾರದ ಅಚ್ಚಿನೊಳಗೆ ಊದಿ, ಆರಿದ ಮೇಲೆ ಅದರ ಮಗ್ಗುಲುಗಳನ್ನು ಬೇರ್ಪಡಿಸುತ್ತಿದ್ದರು. ಇಂಥ ಹಲಗೆ ನಡುವೆ ದಪ್ಪ, ಅಂಚಿನಲ್ಲಿ ತೆಳು. ಆದ್ದರಿಂದ ಒಂದೇ ತುಂಡಿನಲ್ಲಿ ಬಣ್ಣ ಗಾಢವಾಗಿ ತೊಡಗಿ ತಿಳಿಯಾಗಿ ಮುಗಿಯುತ್ತಿತ್ತು. ಯಾವ ತುಂಡನ್ನು ಎಲ್ಲಿ ಇಡಬೇಕೆಂಬ ನಿರ್ಧಾರವೇ ಈಗ ಕಲೆಯ ಅರ್ಧಭಾಗವಾಯಿತು.

ಅದೇ ಸಂಸ್ಥೆಯ ನುರಿತ ಕೆಲಸಗಾರ ಆಲ್ಫ್ರೆಡ್ ಡ್ರೂರಿಯೊಡನೆ ಮೇರಿ 1897ರಲ್ಲಿ ಪಾಲುದಾರಳಾದಳು. ಒಂಬತ್ತು ವರ್ಷಗಳಲ್ಲಿ ಗಾಜಿನ ಮನೆ ಎದ್ದಿತು. ಸ್ವಂತ ಗೂಡು, ಸಲಕರಣೆಗಳನ್ನು ಕೊಳ್ಳಲಾಗದ ಕಲಾವಿದರು ಅಲ್ಲಿ ಸ್ಥಳ ಪಡೆದು, ನಕ್ಷೆಯಿಂದ ಸೀಸದ ಬೆಸುಗೆಯವರೆಗೆ ತಮ್ಮ ಕೃತಿಯನ್ನು ತಾವೇ ನೋಡಿಕೊಳ್ಳಬಹುದಾಗಿತ್ತು. ಈ ಅನುಕೂಲದಿಂದ ಅನೇಕ ಮಹಿಳೆಯರು ಮುಂದೆ ಬಂದರು. ಶ್ರೂಸ್‌ಬರಿ ಇಗರ್ಜಿಯ ಕಿಟಕಿಗಳನ್ನು ರಚಿಸಿ, 1923ರಲ್ಲಿ ಸಂನ್ಯಾಸಿನಿಯಾದ ಮಾರ್ಗರೆಟ್ ರೋಪ್ ಅಲ್ಲಿ ದುಡಿದವಳು. ಬೆಲ್ಜಿಯಂ ದೇಶದ ಈಪ್ರ್ ನಗರದ ಇಗರ್ಜಿಗೆ 1938ರಲ್ಲಿ ಭವ್ಯವಾದ ಸ್ಮಾರಕ ಕಿಟಕಿಯನ್ನಿತ್ತ ವಿಲ್ಹೆಲ್ಮಿನಾ ಗೆಡ್ಡೀಸಳೂ ಅಲ್ಲಿಯವಳೇ.

ಮೇರಿಯ ಕೈಗೆ ಬಟ್ಟೆಯೂ ಒಲಿದಿತ್ತು. ಸ್ತ್ರೀಯರಿಗೆ ಮತದ ಹಕ್ಕು ಬೇಕೆಂದು 1907ರಲ್ಲಿ ಹುಟ್ಟಿದ ಕಲಾವಿದರ ಸಂಘಕ್ಕೆ ಆಕೆಯೇ ಅಧ್ಯಕ್ಷಿಣಿ. 1908ರ ಜೂನ್ 13ರಂದು ಸಾವಿರಾರು ಮಹಿಳೆಯರು ಲಂಡನ್ನಿನಲ್ಲಿ ಮೆರವಣಿಗೆ ಹೊರಟಾಗ, ಮೇಡಂ ಕ್ಯೂರಿ, ಫ್ಲಾರೆನ್ಸ್ ನೈಟಿಂಗೇಲ್ ಮೊದಲಾದವರ ಹೆಸರು ಹೊತ್ತ ಧ್ವಜಗಳು ಗಾಳಿಯಲ್ಲಿ ತೊನೆದವು. ಆಕೆಯ ಧ್ವಜನಕ್ಷೆಗಳ ಸಂಪುಟ ಲಂಡನ್ನಿನ ಮಹಿಳಾ ಗ್ರಂಥಾಲಯದಲ್ಲಿ ಸುರಕ್ಷಿತವಾಗಿದೆ.

1928ರಲ್ಲಿ ಬ್ರಿಟನ್ನಿನ ಸ್ತ್ರೀಯರಿಗೆ ಪುರುಷರಿಗೆ ಸಮನಾದ ಮತಾಧಿಕಾರ ದೊರೆಯಿತು. ಮರುವರ್ಷ ಮೇರಿ ಕಣ್ಮುಚ್ಚಿದಳು. ಆಕೆಯ ತಂದೆ ಧರ್ಮೋಪದೇಶ ಮಾಡುತ್ತಿದ್ದ ಡಾರ್ಸೆಟ್ ಪ್ರಾಂತದ ಸ್ಟರ್ಮಿನ್‌ಸ್ಟರ್ ನ್ಯೂಟನ್ ಇಗರ್ಜಿಯಲ್ಲಿ, ಬಿಸಿಲು ಇಂದಿಗೂ ಮಗಳು ಆರಿಸಿದ ಬಣ್ಣಗಳನ್ನು ಹಾದು ಒಳಗೆ ಇಳಿಯುತ್ತದೆ.