ವಿರಾಮವೂ ಓಟದ ಭಾಗವೇ

ಅಸರ್ ನಮಾಝಿನ ಬಳಿಕ ಹಿರಿಯ ವಿದ್ಯಾರ್ಥಿಗಳೊಡನೆ ಮೈದಾನಕ್ಕೆ ಹೋಗುವುದು ನಮ್ಮ ಕೆಲವು ವರ್ಷಗಳ ರೂಢಿ. ಕಳೆದ ಮಳೆಗಾಲ ಮುಗಿದ ಮೇಲೆ ಹತ್ತು ಕಿಲೋಮೀಟರ್ ಓಟವೊಂದಕ್ಕೆ ಸಿದ್ಧತೆ ಆರಂಭಿಸಿದೆವು. ವಾರಕ್ಕೊಂದು ದಿನ ಇಂಟರ್‌ವಲ್ ಅಭ್ಯಾಸ: 400 ಮೀಟರ್ ವೇಗದ ಓಟ, 200 ಮೀಟರ್ ನಿಧಾನ ಓಟ, ಹೀಗೆ ಎಂಟು ಸಲ.

ಅಂತಹ ಒಂದು ದಿನ ಐದನೆಯ ಸುತ್ತಿನಲ್ಲಿ ಎಡಗಾಲಿನ ಮೀನಖಂಡ ಚುರುಕ್ಕೆಂದಿತು. ಹಿಂದೆಯೇ ಹುಡುಗರು ಬರುತ್ತಿದ್ದರು. ನಲವತ್ತು ದಾಟಿದ ಉಸ್ತಾದ್ ಸೋತರು ಎನ್ನಿಸಿಕೊಳ್ಳಲು ಮನಸ್ಸು ಒಪ್ಪಲಿಲ್ಲ. ಉಳಿದ ಸುತ್ತುಗಳನ್ನೂ ಹಲ್ಲು ಕಚ್ಚಿ ಮುಗಿಸಿದೆವು. ಆ ಸಂಜೆ ಮಗ್ರಿಬ್‌ನಲ್ಲಿ ಸುಜೂದಿನಿಂದ ಏಳುವುದೇ ಕಷ್ಟವಾಯಿತು. ಆದರೂ ಮುಂದಿನ ವಾರ ಕಾಲಿಗೆ ಪಟ್ಟಿ ಸುತ್ತಿಕೊಂಡು ಮತ್ತೆ ಓಡಿದೆವು.

ಅಂದು ಹದಿನೈದರ ಹುಡುಗನೊಬ್ಬ ಕುಂಟುತ್ತಾ ಓಡುವುದು ಕಣ್ಣಿಗೆ ಬಿತ್ತು. ಕರೆದು ವಿಚಾರಿಸಿದೆವು. ಮೊಣಕಾಲಿನ ಕೆಳಗೆ, ಮುಂಭಾಗದ ಮೂಳೆ ಹತ್ತು ದಿನಗಳಿಂದ ನೋಯುತ್ತಿದೆಯಂತೆ. ಏಕೆ ಹೇಳಲಿಲ್ಲವೆಂದು ಕೇಳಿದಾಗ ತಲೆ ತಗ್ಗಿಸಿ, "ಉಸ್ತಾದ್, ನೀವೂ ನೋವಿನಲ್ಲೇ ಓಡುತ್ತಿದ್ದೀರಲ್ಲ" ಎಂದ.

ನಮ್ಮಲ್ಲಿ ಉತ್ತರವಿರಲಿಲ್ಲ. ಅದೇ ವಾರ ನಾವು ಅವನಿಗೆ ರೋಗಿಯ ನಮಾಝಿನ ಪಾಠ ಮಾಡಿದ್ದೆವು. ಕಾಯಿಲೆಯಲ್ಲಿದ್ದ ಇಮ್ರಾನ್ ಬಿನ್ ಹುಸೈನ್(ರ)ರಿಗೆ ಪ್ರವಾದಿವರ್ಯರು(ಸ), ನಿಲ್ಲಲಾಗದಿದ್ದರೆ ಕುಳಿತು, ಅದೂ ಆಗದಿದ್ದರೆ ಮಲಗಿ ನಮಾಝ್ ಮಾಡಲು ತಿಳಿಸಿದ್ದನ್ನು ವಿವರಿಸಿದ್ದೆವು. ರೋಗಿಗೂ ಯಾತ್ರಿಕನಿಗೂ ಉಪವಾಸವನ್ನು ಬೇರೆ ದಿನಗಳಿಗೆ ಮುಂದೂಡಲು ಕುರ್‌ಆನ್ ಅವಕಾಶವಿತ್ತಿರುವುದನ್ನೂ ಹೇಳಿದ್ದೆವು. ಫರ್ಳ್‌ನಲ್ಲೇ ಅಲ್ಲಾಹನು ರುಖ್ಸತ್ ನೀಡಿರುವಾಗ, ಯಾರೂ ಕಡ್ಡಾಯ ಮಾಡದ ಓಟದಲ್ಲಿ ನಾವು ನಮಗೇ ರುಖ್ಸತ್ ಕೊಡಲಿಲ್ಲ. ನಾಲಿಗೆ ಒಂದು ಪಾಠ ಹೇಳಿತ್ತು, ಕಾಲು ಇನ್ನೊಂದು ಹೇಳಿತು. ಹುಡುಗ ಕಾಲಿನ ಪಾಠವನ್ನೇ ಕಲಿತ.

ಹೆತ್ತವರು ಅವನನ್ನು ವೈದ್ಯರಲ್ಲಿಗೆ ಕರೆದೊಯ್ದರು. ಮೂಳೆಗೆ ಅತಿಯಾದ ಒತ್ತಡ ಬಿದ್ದಿದೆ, ಕೆಲವು ವಾರ ಓಡಲೇಬಾರದು, ಇನ್ನೂ ಮುಂದುವರಿಸಿದ್ದರೆ ಬಿರುಕು ಬಿಡುವ ಸಾಧ್ಯತೆಯಿತ್ತು ಎಂದರಂತೆ. ಆ ರಾತ್ರಿ ನಮಗೆ ನಿದ್ದೆ ಬರಲಿಲ್ಲ.

ಇಂಟರ್‌ವಲ್ ಎಂಬ ಪದವನ್ನು ನಾವು ತಪ್ಪಾಗಿಯೇ ಅರ್ಥ ಮಾಡಿಕೊಂಡಿದ್ದೆವು. ಅದು ವೇಗದ ಓಟದ ಹೆಸರಲ್ಲ, ಎರಡು ಓಟಗಳ ನಡುವಿನ ಬಿಡುವಿನ ಹೆಸರು. ಆ ಬಿಡುವಿನಲ್ಲಿ ಉಸಿರು ಹಿಡಿತಕ್ಕೆ ಬರುವುದರಿಂದಲೇ ಮುಂದಿನ ಸುತ್ತು ಸಾಧ್ಯವಾಗುತ್ತದೆ. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ 5,000 ಮೀಟರ್, 10,000 ಮೀಟರ್ ಮತ್ತು ಮ್ಯಾರಥಾನ್ ಮೂರರಲ್ಲೂ ಚಿನ್ನ ಗೆದ್ದ ಎಮಿಲ್ ಝಾಟೊಪೆಕ್ ಅಭ್ಯಾಸ ಮಾಡುತ್ತಿದ್ದುದೂ ಹೀಗೆಯೇ: 400 ಮೀಟರಿನ ಓಟಗಳು, ನಡುನಡುವೆ ನಿಧಾನ ಓಟ.

ಸಫಾ ಮರ್ವಾಗಳ ನಡುವಿನ ಸಅ್‌ಯನ್ನು ನೆನೆಯಿರಿ. ಹಸಿರು ದೀಪಗಳ ನಡುವೆ ಪುರುಷರು ವೇಗವಾಗಿ ಸಾಗುತ್ತಾರೆ, ಉಳಿದ ದಾರಿಯನ್ನು ನಡೆಯುತ್ತಾರೆ. ಹೀಗೆ ಏಳು ಸಲ. ನಡೆಯಲಾಗದವರು ಗಾಲಿಕುರ್ಚಿಯಲ್ಲಿ ಕುಳಿತು ಸಾಗುತ್ತಾರೆ. ನೀರಿಗಾಗಿ ಓಡಿದ ಬೀಬಿ ಹಾಜಿರಾ(ಅ)ರ ನೆನಪಿನ ಆ ದಾರಿಯಲ್ಲಿ ಓಡಿದವನದೂ, ನಡೆದವನದೂ, ಕುಳಿತು ಸಾಗಿದವನದೂ ಸಅ್‌ಯೇ.

ಆ ಬಳಿಕ ನಾವು ಎರಡು ವಾರ ಓಟ ನಿಲ್ಲಿಸಿದೆವು. ನೋವಿಲ್ಲದೆ ನಡೆಯಲು ಸಾಧ್ಯವಾದ ಮೇಲೆ ಸೈಕಲ್ ತುಳಿದೆವು. ಗೋಡೆ ಹಿಡಿದು ಹಿಮ್ಮಡಿಗಳನ್ನು ಎತ್ತಿ ನಿಧಾನವಾಗಿ ಇಳಿಸುವ ವ್ಯಾಯಾಮ ಮಾಡಿದೆವು. ಮತ್ತೆ ಓಟಕ್ಕಿಳಿದಾಗ ಒಂದು ನಿಮಿಷ ನಿಧಾನ ಓಟ, ಎರಡು ನಿಮಿಷ ನಡಿಗೆ. ಮೊದಲು ದೂರ ಹೆಚ್ಚಿಸಿದೆವು, ವೇಗವನ್ನು ಕೊನೆಗೆ. ಮರುದಿನ ಬೆಳಿಗ್ಗೆ ಹಾಸಿಗೆಯಿಂದಿಳಿದು ಇಡುವ ಮೊದಲ ಹೆಜ್ಜೆಯೇ ನಮ್ಮ ಅಳತೆಗೋಲು: ನೋವು ಹೆಚ್ಚಿದ್ದರೆ ಹಿಂದಿನ ಹಂತಕ್ಕೆ ಮರಳುವುದು. ಕುಂಟುವಂತಾದರೆ, ಮೂಳೆಯ ಒಂದೇ ಬಿಂದುವಿನಲ್ಲಿ ನೋವಿದ್ದರೆ, ಮೀನಖಂಡ ಊದಿಕೊಂಡು ಬಿಸಿಯಾಗಿದ್ದರೆ ಅದು ಸಹನೆಯ ಪರೀಕ್ಷೆಯಲ್ಲ. ತಡಮಾಡದೆ ವೈದ್ಯರನ್ನು ಕಾಣಬೇಕು.

ಸ್ಪರ್ಧೆಯ ದಿನ ನಾವು ಓಡಲಿಲ್ಲ. ಆ ಹುಡುಗನೊಡನೆ ರಸ್ತೆ ಬದಿಯಲ್ಲಿ ನಿಂತು ಓಟಗಾರರಿಗೆ ನೀರು ಕೊಟ್ಟೆವು. ಮನಸ್ಸು ಚಡಪಡಿಸಿದ್ದು ನಿಜ. ಈಗ ಅಭ್ಯಾಸಕ್ಕೆ ಮುನ್ನ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಯಾರಿಗೆಲ್ಲಿ ನೋವಿದೆ ಎಂದು ಕೇಳುತ್ತೇವೆ. ಮೊದಲು ನಮ್ಮದನ್ನೇ ಹೇಳುತ್ತೇವೆ.

ಶರೀರಕ್ಕೂ ನಮ್ಮ ಮೇಲೆ ಹಕ್ಕಿದೆಯೆಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ಅದು ನಮ್ಮ ಸೊತ್ತಲ್ಲ, ಅಮಾನತ್. ನಮ್ಮನ್ನು ನೋಡಿ ಕಲಿಯುವ ಮಕ್ಕಳೂ ಅಮಾನತ್ತೇ. ಈ ಎರಡು ಅಮಾನತ್‌ಗಳನ್ನೂ ಕಾಪಾಡುವ ತೌಫೀಕ್ ಅನ್ನು ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ. ಆಮೀನ್.