ಮಮದಾಪುರದ ಕೆರೆ, ಎಂಟು ರನ್ನು

ವಿಜಯಪುರದಿಂದ ಬಬಲೇಶ್ವರದ ದಾರಿ ಹಿಡಿದು ನೈರುತ್ಯಕ್ಕೆ ಮೂವತ್ತೈದು ಕಿಲೋಮೀಟರಿನಷ್ಟು ಸಾಗಿದರೆ ಮಮದಾಪುರ. ದಾರಿಯ ಎರಡೂ ಬದಿಗೆ ಎರೆಹೊಲ. ಹಿಂಗಾರಿನಲ್ಲಿ ಬಂದವರಿಗೆ ಬಿಳಿಜೋಳದ ತೆನೆ ಕಾಣುತ್ತದೆ. ಬೇಸಿಗೆಯಲ್ಲಿ ಬಂದವರಿಗೆ ಅಂಗಾಲು ಇಳಿಯುವಷ್ಟು ಬಿರಿದ ಕರಿನೆಲ. ಗೋಳಗುಮ್ಮಟ ನೋಡಲು ಬರುವ ಶಾಲಾ ಪ್ರವಾಸದ ಬಸ್ಸುಗಳು ಸಾಮಾನ್ಯವಾಗಿ ಇತ್ತ ಹೊರಳುವುದಿಲ್ಲ. ಹೊರಳಬೇಕಿತ್ತು. 1627ರಿಂದ 1656ರವರೆಗೆ ಆಳಿದ ಮಹಮ್ಮದ್ ಆದಿಲ್‌ಶಾಹಿಯೇ ಗುಮ್ಮಟವನ್ನೂ ಕಟ್ಟಿಸಿದವನು, ಇಲ್ಲಿಯ ಕೆರೆಯನ್ನೂ ಕಟ್ಟಿಸಿದವನು. ಊರಿನ ಹೆಸರೂ ಅವನದೇ ಎನ್ನುತ್ತಾರೆ. ಮಹಮ್ಮದಪುರ ಜನರ ಬಾಯಲ್ಲಿ ಸವೆದು ಮಮದಾಪುರವಾಯಿತು. ಗುಮ್ಮಟದೊಳಗೆ ಪಿಸುಮಾತು ಸುತ್ತಿ ಬರುವುದನ್ನು ಕೇಳಿ ಬೆರಗಾಗುವ ಮಕ್ಕಳು, ಮಳೆಯೇ ಕಡಿಮೆಯಿರುವ ಸೀಮೆಯಲ್ಲಿ ಅದೇ ದೊರೆ ನೀರು ನಿಲ್ಲಿಸಿದ ಬಗೆಯನ್ನೂ ನೋಡಬೇಕು.

ಊರಿಗೆ ದೊಡ್ಡ ಕೆರೆ, ಸಣ್ಣ ಕೆರೆ ಎಂದು ಎರಡಿವೆ. ಏರಿಯ ಮೇಲೆ ನಿಂತರೆ ದೊಡ್ಡ ಕೆರೆಯ ಹರವು ಒಂದೇ ನೋಟಕ್ಕೆ ಸಿಗುವುದಿಲ್ಲ. ಆದರೆ ಕೆರೆ ದೊಡ್ಡದಾದ ಮಾತ್ರಕ್ಕೆ ನೀರು ಬಂದೀತೇ? ಈ ಜಿಲ್ಲೆಯಲ್ಲಿ ವರ್ಷಕ್ಕೆ ಬೀಳುವ ಮಳೆ ಸರಾಸರಿ 600 ಮಿಲಿಮೀಟರಿನ ಒಳಗೇ. ಅದೂ ಬರಬೇಕಾದ ಹೊತ್ತಿಗೆ ಬರುತ್ತದೆಂಬ ಭರವಸೆಯಿಲ್ಲ. ಜೊತೆಗೆ ಬೇಸಿಗೆಯ ಬಿಸಿಲು ಕೆರೆಯ ಮೈಯಿಂದ ದಿನಾ ಒಂದಿಷ್ಟು ನೀರನ್ನು ಆವಿಯಾಗಿ ಒಯ್ಯುತ್ತಲೇ ಇರುತ್ತದೆ. ಕೆರೆ ಅಗಲವಾಗಿ ಆಳ ಕಡಿಮೆಯಿದ್ದಷ್ಟೂ ಈ ನಷ್ಟ ಹೆಚ್ಚು. ತಟ್ಟೆಯ ನೀರು ತಂಬಿಗೆಯ ನೀರಿಗಿಂತ ಬೇಗ ಆರುವ ಹಾಗೆ. ಹೀಗಾಗಿ ಮಳೆ ಕೈಕೊಟ್ಟ ವರ್ಷಗಳಲ್ಲಿ ಕೆರೆಯ ಅಂಗಳ ಬಯಲಾಗುತ್ತಿತ್ತು. ದೊಡ್ಡವರಿಗೆ ಅದು ಚಿಂತೆ. ಹುಡುಗರಿಗೆ ಅದು ಮೈದಾನ.

ಆ ಮೈದಾನದ ಪಿಚ್ಚಿನ ಬಗ್ಗೆ ಒಂದಿಷ್ಟು ಹೇಳಲೇಬೇಕು. ಎರೆಮಣ್ಣಿನಲ್ಲಿ ಜೇಡಿಯ ಅಂಶ ಬಹಳ. ನೀರು ಕುಡಿದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಬಿರಿಯುತ್ತದೆ. ಬಿರುಕುಬಿಟ್ಟ ನೆಲದ ಮೇಲೆ ಚೆಂಡು ಎತ್ತ ಪುಟಿಯುವುದೋ ಬೌಲರನಿಗೂ ಗೊತ್ತಾಗದು. ಅದಕ್ಕೆ ಹುಡುಗರು ಮನೆಯ ಹಿರಿಯರು ರಾಶಿಗೆ ಕಣ ಮಾಡುವುದನ್ನು ನೋಡಿ ಕಲಿತ ವಿದ್ಯೆಯನ್ನೇ ಬಳಸಿದರು. ಬಿರುಕುಗಳಿಗೆ ಪುಡಿಮಣ್ಣು ತುಂಬುವುದು, ಕೊಡದಿಂದ ನೀರು ಚಿಮುಕಿಸುವುದು, ಕಲ್ಲುಗುಂಡು ಉರುಳಿಸುವುದು, ಸೆಗಣಿ ಸಾರಿಸುವುದು. ನಾಲ್ಕು ದಿನ ಹೀಗೆ ಮಾಡಿದರೆ ನೆಲ ಸಿಮೆಂಟಿನಂತೆ ಗಟ್ಟಿಯಾಗುತ್ತಿತ್ತು. ದೊಡ್ಡ ಕ್ರೀಡಾಂಗಣಗಳ ಪಿಚ್ಚುಗಳಲ್ಲಿಯೂ ಜೇಡಿಮಣ್ಣೇ ಇರುತ್ತದೆ, ನೀರುಣಿಸಿ ಉರುಳೆ ಹಾಯಿಸಿಯೇ ಅವನ್ನೂ ಗಟ್ಟಿ ಮಾಡುತ್ತಾರೆ. ಕೆಂಪುಮಣ್ಣಿನ ಪಿಚ್ಚಿನಲ್ಲಿ ಚೆಂಡು ಸಾಮಾನ್ಯವಾಗಿ ಎತ್ತರಕ್ಕೆ ಪುಟಿಯುತ್ತದೆ, ಕಪ್ಪುಮಣ್ಣಿನದರಲ್ಲಿ ತಗ್ಗಾಗಿ, ನಿಧಾನವಾಗಿ ಬರುತ್ತದೆ. ಮಮದಾಪುರದ ಹುಡುಗರು ಬಗ್ಗಿ ಹೊಡೆಯುವುದರಲ್ಲಿ ಜಾಣರಾದದ್ದು ಇದರಿಂದಲೇ ಇದ್ದೀತು. ಒಂದೇ ತೊಂದರೆಯೆಂದರೆ ಕುರಿ, ಮೇಕೆ. ಸಂಜೆ ಮನೆಗೆ ಮರಳುವ ಹಿಂಡಿಗೆ ಪಿಚ್ಚೂ ಒಂದೇ, ಬಯಲೂ ಒಂದೇ.

2016ರ ಬೇಸಿಗೆ. ಹತ್ತನೆಯ ಇಯತ್ತೆ ಪರೀಕ್ಷೆ ಬರೆದು ರಜೆಯಲ್ಲಿದ್ದ ಒಬ್ಬ ಹುಡುಗನ ಬಳಿ ನೂರು ಪುಟದ ನೋಟುಬುಕ್ಕು ಇತ್ತು. ಅದರಲ್ಲಿ ಗಣಿತ ಇರಲಿಲ್ಲ, ಅಥವಾ ಗಣಿತ ಮಾತ್ರ ಇತ್ತು ಎನ್ನಿ. ಬೆಂಗಳೂರಿನ ರಾಯಲ್ ಚಾಲೆಂಜರ್ಸ್ ತಂಡದ ಒಂದೊಂದು ಪಂದ್ಯದ ಲೆಕ್ಕವನ್ನೂ ಅವನು ಗೆರೆ ಹೊಡೆದು ಬರೆದಿಡುತ್ತಿದ್ದ. ತಂಡ 2009ರಲ್ಲಿ ಜೋಹಾನ್ಸ್‌ಬರ್ಗಿನಲ್ಲಿ ಕುಂಬ್ಳೆ ನಾಯಕತ್ವದಲ್ಲಿ ಫೈನಲ್ ತಲುಪಿ ಡೆಕ್ಕನ್ ಚಾರ್ಜರ್ಸ್‌ಗೆ 6 ರನ್ನುಗಳಿಂದ ಸೋತಿತ್ತು; ಅಂದು ಕುಂಬ್ಳೆ 16 ರನ್ನಿಗೆ 4 ವಿಕೆಟ್ ತೆಗೆದಿದ್ದರೂ ಸೋಲು ತಪ್ಪಲಿಲ್ಲ. 2011ರಲ್ಲಿ ಚೆನ್ನೈಯಲ್ಲಿ 58 ರನ್ನುಗಳ ಸೋಲು. ಇವೆರಡೂ ಅವನು ಚಿಕ್ಕವನಿದ್ದಾಗಿನ ಕಥೆ. 2016 ಮಾತ್ರ ಅವನ ಸ್ವಂತದ ವರ್ಷ.

ಮೊದಲ 7 ಪಂದ್ಯಗಳಲ್ಲಿ 5 ಸೋಲು. ನೋಟುಬುಕ್ಕಿನ ಆ ಪುಟಗಳಲ್ಲಿ ಅಕ್ಷರ ಕೂಡ ಸೊರಗಿದಂತಿವೆ. ಆಮೇಲಿನ 7ರಲ್ಲಿ 6 ಗೆಲುವು! ವಿರಾಟ್ ಕೊಹ್ಲಿ ಆ ಋತುವಿನಲ್ಲಿ ಬಾರಿಸಿದ್ದು 4 ಶತಕ, ಒಟ್ಟು 973 ರನ್ನು. ಮೇ 24ರಂದು ಮೊದಲ ಕ್ವಾಲಿಫೈಯರಿನಲ್ಲಿ ಗುಜರಾತ್ ಲಯನ್ಸ್ ವಿರುದ್ಧ 29 ರನ್ನಿಗೆ 5 ವಿಕೆಟ್ ಬಿದ್ದಾಗ ಊರಿನ ಬಹಳಷ್ಟು ಟಿ.ವಿ.ಗಳು ಆರಿದವು. ಆರಿಸದವರು ಡಿವಿಲಿಯರ್ಸ್‌ನ ಅಜೇಯ 79 ನೋಡಿದರು. ಹುಡುಗ ಆರಿಸಿರಲಿಲ್ಲ.

ಫೈನಲ್ ಬೆಂಗಳೂರಿಗೆ ಬಂದದ್ದರ ಹಿಂದೆಯೂ ಒಂದು ನೀರಿನ ಕಥೆಯಿದೆ. ಅದು ಮೊದಲು ಮುಂಬಯಿಯಲ್ಲಿ ನಡೆಯಬೇಕಿತ್ತು. ಮಹಾರಾಷ್ಟ್ರದಲ್ಲಿ ಆ ವರ್ಷ ಭೀಕರ ಬರ. ಮೀರಜದಿಂದ ಲಾತೂರಿಗೆ ರೈಲಿನಲ್ಲಿ ಕುಡಿಯುವ ನೀರು ಸಾಗಿಸುತ್ತಿದ್ದ ದಿನಗಳವು. ಜನರಿಗೆ ನೀರಿಲ್ಲದಾಗ ಪಿಚ್ಚಿಗೆ ನೀರೇಕೆ ಎಂಬ ಪ್ರಶ್ನೆ ಎದ್ದು, ಏಪ್ರಿಲ್ 30ರ ನಂತರದ ಪಂದ್ಯಗಳನ್ನು ರಾಜ್ಯದ ಹೊರಗೆ ನಡೆಸಬೇಕೆಂದು ಮುಂಬಯಿ ಹೈಕೋರ್ಟು ಆದೇಶಿಸಿತು. ಹೀಗೆ ಫೈನಲ್ ಚಿನ್ನಸ್ವಾಮಿ ಕ್ರೀಡಾಂಗಣಕ್ಕೆ ಬಂತು. ಮಮದಾಪುರದ ಹುಡುಗರಿಗೆ ಖುಷಿಯೋ ಖುಷಿ. ಆದರೆ ಬರ ರಾಜ್ಯದ ಗಡಿ ನೋಡಿ ನಿಲ್ಲುವುದಿಲ್ಲ. ವಿಜಯಪುರ ಜಿಲ್ಲೆಯಲ್ಲೂ ಅದೇ ಬರ. ಪಿಚ್ಚಿಗೆ ಚಿಮುಕಿಸಲು ಹುಡುಗ ಮನೆಯ ಕೊಡ ಎತ್ತಿದ ದಿನ ಅವನ ಮುತ್ಯಾ ಒಂದೇ ಮಾತು ಕೇಳಿದ್ದ: "ಅದು ಕುಡಿಯೂ ನೀರೋ, ಆಡೂ ನೀರೋ?" ಅಂದಿನಿಂದ ಪಿಚ್ಚಿಗೆ ನೀರು ನಿಂತಿತು. ಹೈಕೋರ್ಟಿಗಿಂತ ಮುತ್ಯಾನ ಆದೇಶ ಚಿಕ್ಕದು, ಅಷ್ಟೇ ವ್ಯತ್ಯಾಸ.

ಮೇ 29ರ ರಾತ್ರಿ. ಹೈದರಾಬಾದಿನ ತಂಡ 208 ಬಾರಿಸಿತು. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿದೆ. ಗಾಳಿ ಅಲ್ಲಿ ಕರಾವಳಿಗಿಂತ ಹತ್ತರಲ್ಲಿ ಒಂದು ಪಾಲಿನಷ್ಟು ತೆಳು. ಹೊಡೆದ ಚೆಂಡಿಗೆ ತಡೆ ಕಡಿಮೆ. ಆದ್ದರಿಂದ 209 ಅಸಾಧ್ಯವೇನಲ್ಲ ಎಂದು ಹುಡುಗನ ಲೆಕ್ಕ. ಲೆಕ್ಕ ಸುಳ್ಳಾಗಲೂ ಇಲ್ಲ. ಗೇಲ್ 38 ಎಸೆತಗಳಲ್ಲಿ 76 ಹೊಡೆದು ಔಟಾದಾಗ ತಂಡ 10.3 ಓವರಿನಲ್ಲಿ 114. ಉಳಿದ 57 ಎಸೆತಗಳಲ್ಲಿ 95 ರನ್ನು ಬೇಕು, ಕೈಯಲ್ಲಿ 9 ವಿಕೆಟ್. ಅಲ್ಲಿಂದ ಕೊಹ್ಲಿ ಹೋದ, ಡಿವಿಲಿಯರ್ಸ್ ಹೋದ. ಕೊನೆಗೆ 7 ವಿಕೆಟ್ಟಿಗೆ 200. ಸೋಲು 8 ರನ್ನುಗಳಿಂದ.

ಕಟ್ಟೆಯ ಮೇಲೆ ಮಲಗಿದ್ದ ಮುತ್ಯಾ ಕೇಳಿದ: "ಏನಾತೋ ತಮ್ಮಾ?"

"ಸೋತ್ವಿ ಮುತ್ಯಾ."

"ಎಷ್ಟ್ ಕಮ್ಮಿ ಬಿತ್ತು?"

"ಎಂಟ."

"ಎಂಟ ಇಂಚ್ ಮಳಿ ಕಮ್ಮಿ ಬಿದ್ರ ನಮ್ಮ ಹೊಲಾ ಹೋಕ್ಕಾವು. ನಿಂದು ಎಂಟ ರನ್ ಹೋದ್ವು. ಮಲಕೋ. ಮುಂದಿನ ವರ್ಸ ನೋಡೂಣು."

ಹುಡುಗನಿಗೆ ಆ ರಾತ್ರಿ ಈ ಹೋಲಿಕೆ ಸ್ವಲ್ಪವೂ ಹಿಡಿಸಲಿಲ್ಲ. ಮಳೆ ಯಾರ ಕೈಯಲ್ಲೂ ಇಲ್ಲ, ಎಂಟು ರನ್ನು ಇತ್ತಲ್ಲ! ಎರಡು ದಿನ ಅವನು ಸರಿಯಾಗಿ ಉಣ್ಣಲಿಲ್ಲವೆಂದು ಮನೆಯವರು ಈಗಲೂ ನಗುತ್ತಾರೆ. ನಗುವ ಮಾತೇನೂ ಅಲ್ಲ ಅದು. ಹದಿನಾರರ ವಯಸ್ಸಿಗೆ ಪರರ ಸೋಲೂ ತನ್ನದೇ ಆಗಿರುತ್ತದೆ.

"ಮುಂದಿನ ವರ್ಷ ನೋಡೋಣ" ಎಂಬುದು ಒಣಬೇಸಾಯದ ರೈತನ ಮಾತು ಮಾತ್ರವಲ್ಲ. ಅಮೆರಿಕದ ಬೇಸ್‌ಬಾಲ್ ಅಭಿಮಾನಿಗಳೂ ಇದನ್ನೇ ಹೇಳುತ್ತ ಬಂದವರು. ಬ್ರೂಕ್ಲಿನ್ನಿನ ಡಾಜರ್ಸ್ ತಂಡದವರು ಫೈನಲ್ ಮೇಲೆ ಫೈನಲ್ ಸೋತು, ಊರಿನ ಜನ ಪ್ರತಿಸಲವೂ ಇದೇ ಸಮಾಧಾನ ಹೇಳಿಕೊಂಡು, ಕೊನೆಗೆ 1955ರಲ್ಲಿ ಗೆದ್ದರು. ಶಿಕಾಗೊದ ಕಬ್ಸ್ ತಂಡದ ಕಥೆ ಇನ್ನೂ ಉದ್ದ. 1908ರಲ್ಲಿ ಗೆದ್ದವರು ಮತ್ತೆ ಗೆದ್ದದ್ದು 2016ರ ನವೆಂಬರ್ 2ರಂದು. ನಡುವೆ 108 ವರ್ಷ! 1945ರ ಫೈನಲ್ ಸರಣಿಯಲ್ಲಿ ಒಬ್ಬ ಹೋಟೆಲಿನವನು ತನ್ನ ಮೇಕೆಯನ್ನು ಮೈದಾನಕ್ಕೆ ಕರೆತಂದಾಗ ಹೊರಗೆ ಕಳಿಸಿದ್ದರಿಂದ ತಂಡಕ್ಕೆ ಶಾಪ ತಟ್ಟಿತೆಂದು ಅಲ್ಲಿಯ ಜನ ಹೇಳುತ್ತಿದ್ದರು. ವಿಜ್ಞಾನದಲ್ಲಿ ಇಷ್ಟು ಮುಂದುವರಿದ ದೇಶದಲ್ಲಿ ಮೇಕೆಯ ಶಾಪ! ಈ ಕಥೆ ಮಮದಾಪುರ ತಲುಪಿದಾಗ ಹುಡುಗರು ಮೇಕೆಗಳನ್ನು ಪಿಚ್ಚಿನಿಂದ ಅಟ್ಟುವುದನ್ನು ಕೆಲವು ದಿನ ಬಿಟ್ಟರು.

ಮುಂದಿನ ವರ್ಷಗಳಲ್ಲಿ ತಂಡಕ್ಕಿಂತ ಮೊದಲು ಬದಲಾದದ್ದು ಕೆರೆ. ಮುಳವಾಡ ಏತ ನೀರಾವರಿ ಯೋಜನೆಯಿಂದ ಕೃಷ್ಣೆಯ ನೀರನ್ನು ಮೇಲೆತ್ತಿ ಈ ಭಾಗದ ಕೆರೆಗಳಿಗೆ ತುಂಬಿಸಿದರು. ಆದಿಲ್‌ಶಾಹಿಯ ಕೆರೆ ಮಳೆಗೆ ಕಾಯುವುದು ತಪ್ಪಿತು. ನೀರು ಬಂದ ದಿನ ಏರಿಯ ಮೇಲೆ ಜಾತ್ರೆಯಂತೆ ಜನ. ಹೆಂಗಸರು ಅರಿಸಿನ ಕುಂಕುಮ ತಂದರು. ಹುಡುಗ ಮಾತ್ರ ಬೇರೆ ಕಡೆ ನೋಡುತ್ತಿದ್ದ. ಕೆಂಬಣ್ಣದ ನೀರು ನಾಲಗೆ ಚಾಚಿದಂತೆ ಬಂದು ಮೊದಲು ಬೌಂಡರಿ ಗೆರೆ ಮುಟ್ಟಿತು, ಆಮೇಲೆ ಪಿಚ್ಚು, ಆಮೇಲೆ ಸ್ಟಂಪಿಗೆಂದು ನೆಟ್ಟ ಜಾಲಿಯ ಗೂಟಗಳು. ಮುತ್ಯಾ ಅವನ ಹೆಗಲ ಮೇಲೆ ಕೈಯಿಟ್ಟು ಅಳುತ್ತಿದ್ದ. ಖುಷಿಯಿಂದ. ಒಂದೇ ನೀರನ್ನು ನೋಡುತ್ತ ಇಬ್ಬರೂ ಕಣ್ಣು ಒರೆಸಿಕೊಂಡರು ಎಂದು ಊರಿನವರು ಹೇಳುತ್ತಾರೆ.

ಜಿಲ್ಲೆಯ ಹೆಸರಿನ ತಂಡವೂ ಒಂದಿತ್ತು, ಬಿಜಾಪುರ ಬುಲ್ಸ್. ಕರ್ನಾಟಕ ಪ್ರೀಮಿಯರ್ ಲೀಗಿನಲ್ಲಿ 2015ರಲ್ಲಿ ಗೆದ್ದಿತು, 2018ರಲ್ಲಿ ಮತ್ತೆ ಗೆದ್ದಿತು. ಹುಡುಗನಿಗೆ ಅದು ಬಹಳ ದಿನ ಆಸರೆಯಾಗಿತ್ತು, ಪಂದ್ಯಗಳು ನಡೆದದ್ದು ದೂರದ ಹುಬ್ಬಳ್ಳಿ, ಮೈಸೂರುಗಳಲ್ಲಾದರೂ. 2019ರ ಋತು ಮುಗಿದ ಮೇಲೆ ಆ ಲೀಗಿನಲ್ಲಿ ಮೋಸದಾಟದ ಆರೋಪ ಬಂತು, ಬಂಧನಗಳಾದವು, ಲೀಗೇ ನಿಂತಿತು. 2022ರಲ್ಲಿ ಮಹಾರಾಜ ಟ್ರೋಫಿ ಎಂದು ಹೊಸದಾಗಿ ಆರಂಭವಾದಾಗ ಆರು ತಂಡಗಳಿದ್ದವು. ಬಿಜಾಪುರದ ಹೆಸರು ಇರಲಿಲ್ಲ. ಸೋತ ತಂಡಕ್ಕೆ ಮುಂದಿನ ವರ್ಷವಿರುತ್ತದೆ. ಇಲ್ಲದ ತಂಡಕ್ಕೆ ಏನೆನ್ನುವುದು? ನೋಟುಬುಕ್ಕಿನಲ್ಲಿ ಬುಲ್ಸ್‌ಗೆಂದು ಬಿಟ್ಟ ಪುಟಗಳು ಖಾಲಿಯೇ ಉಳಿದವು.

2024ರಲ್ಲಿ ಬೆಂಗಳೂರು ತಂಡ ಮೊದಲ 8 ಪಂದ್ಯಗಳಲ್ಲಿ 7 ಸೋತಿತು. ಆಮೇಲೆ ಸಾಲಾಗಿ 6 ಗೆಲುವು. ಕೊನೆಯ ಗೆಲುವು ಮೇ 18ರಂದು ಚೆನ್ನೈ ವಿರುದ್ಧ. ಇಲ್ಲಿ ವಿದ್ಯಾರ್ಥಿಗಳು ಕಾಗದ ಪೆನ್ಸಿಲ್ ಹಿಡಿಯಬಹುದು. ಎರಡೂ ತಂಡಕ್ಕೆ 14 ಅಂಕ. ಹಾಗಾದಾಗ ನಿವ್ವಳ ರನ್ ದರ ನೋಡುತ್ತಾರೆ: ಋತುವಿಡೀ ತಂಡ ಓವರಿಗೆ ಸರಾಸರಿ ಎಷ್ಟು ಹೊಡೆಯಿತೋ ಅದರಿಂದ, ಓವರಿಗೆ ಎಷ್ಟು ಬಿಟ್ಟುಕೊಟ್ಟಿತೋ ಅದನ್ನು ಕಳೆಯಬೇಕು. ಬೆಂಗಳೂರಿಗೆ 0.459, ಚೆನ್ನೈಗೆ 0.392. ವ್ಯತ್ಯಾಸ 0.067. ಕಣ್ಣಿಗೆ ಕಾಣದಷ್ಟು ಚಿಕ್ಕದು! ಆದರೆ 14 ಪಂದ್ಯಗಳಿಗೆ ಸ್ಥೂಲವಾಗಿ 280 ಓವರ್. ಗುಣಿಸಿದರೆ ಸುಮಾರು 19 ರನ್ನು. ಆ ರಾತ್ರಿ ಚೆನ್ನೈ 218ಕ್ಕೆ ಉತ್ತರವಾಗಿ ಹೊಡೆದದ್ದು 191. 201 ಹೊಡೆದಿದ್ದರೆ ಪಂದ್ಯ ಸೋತೂ ಅದೇ ಮುಂದೆ ಹೋಗುತ್ತಿತ್ತು. ಕೊರತೆ 10 ಮಾತ್ರ. 19 ಎಲ್ಲಿ, 10 ಎಲ್ಲಿ? ಎದುರಾಳಿ ಹೊಡೆದ ಒಂದೊಂದು ರನ್ನೂ ಅವರ ದರವನ್ನು ಏರಿಸುವುದಲ್ಲದೆ ಇವರ ದರವನ್ನು ಇಳಿಸುತ್ತದೆ. ತಕ್ಕಡಿಯ ಒಂದು ಪರಡಿಯಿಂದ ತೆಗೆದು ಇನ್ನೊಂದಕ್ಕೆ ಹಾಕಿದ ಹಾಗೆ. ಇಷ್ಟೆಲ್ಲ ಆಗಿ ಪ್ಲೇಆಫ್ ಮುಟ್ಟಿದ ತಂಡ ನಾಲ್ಕೇ ದಿನಕ್ಕೆ, ಮೇ 22ರಂದು, ರಾಜಸ್ಥಾನಕ್ಕೆ ಸೋತು ಮನೆಗೆ ಬಂತು. ಆ ಹೊತ್ತಿಗೆ ಮುತ್ಯಾ ಇರಲಿಲ್ಲ. "ಎಷ್ಟ್ ಕಮ್ಮಿ ಬಿತ್ತು" ಎಂದು ಕೇಳುವವರಿಲ್ಲದೆ ನೋಟುಬುಕ್ಕಿನ ಆ ಪುಟ ಒಂದೇ ಸಾಲಿಗೆ ಮುಗಿದಿದೆ.

ಕಪ್ಪು ಬಂದದ್ದು 2025ರ ಜೂನ್ 3ರಂದು, ಅಹಮದಾಬಾದಿನಲ್ಲಿ, ಪಂಜಾಬ್ ವಿರುದ್ಧ. ಅಂತರ 6 ರನ್ನು, 2009ರಲ್ಲಿ ಕಳೆದುಕೊಂಡಷ್ಟೇ. ಹದಿನೆಂಟು ವರ್ಷಗಳ ಕಾಯುವಿಕೆ ಮುಗಿದು ಮಮದಾಪುರದ ಏರಿಯ ಮೇಲೂ ಪಟಾಕಿ ಹಾರಿತು. ಮರುದಿನ ಬೆಂಗಳೂರಿನಲ್ಲಿ ಚಿನ್ನಸ್ವಾಮಿ ಕ್ರೀಡಾಂಗಣದ ಬಾಗಿಲುಗಳ ಬಳಿ ನೂಕುನುಗ್ಗಲಾಗಿ 11 ಜನ ಸತ್ತರು. ಹೆಚ್ಚಿನವರು ಎಳೆಯರು. ಹುಡುಗನ, ಈಗ ಅವನನ್ನು ಹುಡುಗ ಎನ್ನುವುದೂ ತಪ್ಪು, ಕಾಕಾನ ಮಗ ಅಲ್ಲಿ ಇಂಜಿನಿಯರಿಂಗ್ ಓದುತ್ತಿದ್ದ. ಮಧ್ಯಾಹ್ನವೇ ಕ್ರೀಡಾಂಗಣಕ್ಕೆ ಹೊರಟಿದ್ದ. ಸಂಜೆಯಿಡೀ ಫೋನು ಹತ್ತಲಿಲ್ಲ. ಕಾಕು ದೇವರ ಜಗಲಿಯ ಮುಂದಿನಿಂದ ಏಳಲಿಲ್ಲ. ಹಿಂದಿನ ರಾತ್ರಿ ಪಟಾಕಿ ಹಚ್ಚಿದ ಕೈಯಲ್ಲೇ ಇವನು ಮತ್ತೆ ಮತ್ತೆ ಫೋನು ಒತ್ತುತ್ತ ಕೆರೆಯ ಏರಿಯ ಮೇಲೆ ಓಡಾಡಿದ. ರಾತ್ರಿ ಒಂಬತ್ತೂವರೆಗೆ ಆ ಕಡೆಯಿಂದ ದನಿ ಬಂತು: ಚಪ್ಪಲಿ ಹೋಗಿದೆ, ಹುಡುಗ ಇದ್ದಾನೆ.

ನೋಟುಬುಕ್ಕಿನಲ್ಲಿ ಜೂನ್ 3ರ ಪುಟವಿದೆ. 190, 184, ಗೆಲುವು 6 ರನ್ನು. ಬಣ್ಣದ ಪೆನ್ನಿನಲ್ಲಿ ಸುತ್ತ ಚೌಕಟ್ಟು ಹಾಕಲು ಶುರುಮಾಡಿ ಮೂರು ಬದಿಗೆ ನಿಲ್ಲಿಸಿದ್ದಾನೆ.

ಈಗ ಬೇಸಿಗೆಯಲ್ಲಿ ಮಮದಾಪುರಕ್ಕೆ ಹೋದವರಿಗೆ ಕೆರೆಯ ಅಂಚಿನಲ್ಲಿ ಹೊಸ ಹುಡುಗರು ಕಾಣುತ್ತಾರೆ. ಪಿಚ್ಚು ಒಂದೇ ಕಡೆ ನಿಲ್ಲುವುದಿಲ್ಲ. ನೀರು ಇಳಿದಂತೆಲ್ಲ ಅವರೂ ಇಳಿಯುತ್ತಾರೆ, ಏರಿದರೆ ಗೂಟ ಕಿತ್ತುಕೊಂಡು ಮೇಲೆ ಬರುತ್ತಾರೆ. ಅಂಚಿನ ನೆಲ ತೇವವಾಗಿಯೇ ಇರುವುದರಿಂದ ಕೊಡ ಹೊರುವ ಕೆಲಸ ತಪ್ಪಿದೆ. ಒಂದು ಹೊಸ ನಿಯಮ ಬಂದಿದೆ. ಮುತ್ಯಾ ಬದುಕಿದ್ದಾಗ, ಚೆಂಡಿನ ಹಿಂದೆ ಯಾರೋ ಎದೆಮಟ್ಟದ ನೀರಿಗೆ ಇಳಿದದ್ದನ್ನು ನೋಡಿ ಬೈದು ಹಾಕಿಕೊಟ್ಟದ್ದು. ಎಷ್ಟೇ ದೂರ ಹೊಡೆದರೂ ಸಿಕ್ಸರಲ್ಲ: ನೀರಿಗೆ ಹೊಡೆದವ ಔಟು. ಚೆಂಡು ತೆಗೆಯಲು ಬಲೆ ಕಟ್ಟಿದ ಉದ್ದನೆಯ ಗಳ ಒಂದಿದೆ, ಅದು ಸ್ಕೋರ್ ಬರೆಯುವವನ ಬಳಿ ಇರುತ್ತದೆ.